ಅಜ್ಜಿ ಕಲಿಸುವ ಕಸೂತಿ, ನರ್ಸ್ ಕಲಿಯುವ ಪಾಠ

ನರ್ಸಿಂಗ್ ಓದುವ ಮಕ್ಕಳು ವೃದ್ಧಾಶ್ರಮಕ್ಕೆ ಪೋಸ್ಟಿಂಗ್ ಮೇಲೆ ಬಂದಾಗ ಅವರ ಕೈಯಲ್ಲಿ ಎರಡು ವಸ್ತು ಇರುತ್ತವೆ. ಒಂದು ಬಿ.ಪಿ. ನೋಡುವ ಯಂತ್ರ, ಇನ್ನೊಂದು ತುಂಬಬೇಕಾದ ಫಾರಂ. ಹೆಸರೇನು, ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯೇ, ನಿದ್ದೆ ಬರುತ್ತದೆಯೇ, ದಿನಕ್ಕೆ ಎಷ್ಟು ಮಾತ್ರೆ? ಮಂಚದ ಮೇಲೆ ಕುಳಿತ ಹಿರಿಯರು ‘ಹೂಂ’, ‘ಇಲ್ಲ’, ‘ಐತಿ’ ಎಂದು ಒಂದೊಂದೇ ಮಾತಿನಲ್ಲಿ ಉತ್ತರ ಕೊಡುತ್ತಾರೆ. ಫಾರಂ ತುಂಬುತ್ತದೆ, ಪರಿಚಯ ಆಗುವುದಿಲ್ಲ. ಸ್ವಲ್ಪ ದಿನಕ್ಕೆ ಇನ್ನೊಂದು ಬ್ಯಾಚ್ ಬಂದು ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತದೆ.

ನಾನು ಧಾರವಾಡದಲ್ಲಿ ಸಮುದಾಯ ಆರೋಗ್ಯ ಶುಶ್ರೂಷೆ ಕಲಿಸುವವಳು. ಫಾರಂ ಬೇಡ ಎಂದು ನಾನು ಹೇಳುವುದಿಲ್ಲ. ರಕ್ತದೊತ್ತಡ ನೋಡದೆ, ಮಾತ್ರೆಯ ಚೀಟಿ ಓದದೆ ಆರೈಕೆ ನಡೆಯುವುದಿಲ್ಲ. ಆದರೆ ಫಾರಂ ಚೀಲದಿಂದ ತೆಗೆಯುವ ಮೊದಲು ಸೂಜಿ-ದಾರ, ಹದ ಮಾಡಿದ ಮಣ್ಣು, ರಂಗೋಲಿ ಪುಡಿ ತೆಗೆಯಿರಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆಶ್ರಮಕ್ಕೆ ಬಂದ ದಿನದಿಂದ ಹಿರಿಯರು ಬರೀ ಪಡೆಯುವವರಾಗಿಬಿಡುತ್ತಾರೆ. ಊಟ, ಮಾತ್ರೆ, ಹೊದಿಕೆ, ಕನಿಕರ ಎಲ್ಲವೂ ಬೇರೆಯವರ ಕೈಯಿಂದಲೇ ಬರಬೇಕು. ಕಲೆಯ ಕೆಲಸಕ್ಕೆ ಕೂತಾಗ ಅವರು ಕೊಡುವವರಾಗುತ್ತಾರೆ. ಅವರ ಬಳಿ ಕೊಡಲು ಏನಿದೆ ಎಂದು ಕಂಡುಕೊಂಡ ನರ್ಸ್ ಅವರನ್ನು ಬರೀ ರೋಗಿಯೆಂದು ನೋಡುವುದಿಲ್ಲ.

ಎಳೆ ಎಣಿಸುತ್ತ

ನಮ್ಮ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ ಬರುವ ಮಕ್ಕಳು ಬಹಳ. ಈಶಾನ್ಯ ರಾಜ್ಯಗಳಿಂದ, ಬಂಗಾಳದಿಂದ ಬರುವವರೂ ಇದ್ದಾರೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ವಾರ್ಡಿನಲ್ಲಿ ಕಲಿತ ಕನ್ನಡವೆಂದರೆ ‘ನೋವಿದೆಯಾ’, ‘ಊಟ ಆಯ್ತಾ’, ‘ಮಾತ್ರೆ ತಗೊಳ್ಳಿ’ ಇಷ್ಟೇ. ನವಲಗುಂದ ಕಡೆಯ ಅಜ್ಜಿ ತನ್ನ ಸಂಕಟವನ್ನು ತನ್ನ ಮಾತಿನಲ್ಲಿ ಹೇಳಿಕೊಂಡರೆ ಈ ಕನ್ನಡ ಎಲ್ಲಿ ಸಾಕಾಗುತ್ತದೆ?

ಅಂಥ ಒಬ್ಬ ಮಲಯಾಳಿ ವಿದ್ಯಾರ್ಥಿನಿಯನ್ನು ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಪಕ್ಕ ಕೂರಿಸಿದೆ. ಅಜ್ಜಿ ಹರೆಯದಲ್ಲಿ ಇಳಕಲ್ ಸೀರೆಗೆ ಕಸೂತಿ ಹಾಕಿದವರು. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆಗಳನ್ನೇ ಎಣಿಸಿ ಹೊಲಿಗೆ ಹಾಕುತ್ತ ಹೋಗಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆಯ ಜಾಗ ಬಿಟ್ಟು ಒಂದು ಹಾಕುತ್ತ ಮುಂದೆ ಹೋಗುತ್ತದೆ, ಮರಳಿ ಬರುವಾಗ ಬಿಟ್ಟ ಜಾಗವನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. ಚೆನ್ನಾಗಿ ಹಾಕಿದ ಗವಂತಿಯಲ್ಲಿ ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು ಹೇಳಲಾಗದು.

ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಸೀರೆಯ ಸಣ್ಣ ಎಳೆ ಕಾಣದೆಂದು, ತೇರಿನ ಚಿತ್ರ ಹಾಕಲು ದಪ್ಪ ನೇಯ್ಗೆಯ ಮ್ಯಾಟಿ ಬಟ್ಟೆ ತಂದೆವು. ಸೂಜಿಗೆ ದಾರ ಪೋಣಿಸುವುದು ಹುಡುಗಿಯ ಕೆಲಸ, ಸೂಜಿ ಎಲ್ಲಿ ಇಳಿಯಬೇಕೆಂದು ಹೇಳುವುದು ಅಜ್ಜಿಯ ಕೆಲಸ. “ಮೊದಲ ಎಳಿ ಎಣಸು. ಎಳಿ ತಪ್ಪಿದ್ರ ತೇರು ಸೊಟ್ಟ ಆಗತೈತಿ” ಎಂದರು ಅಜ್ಜಿ. ಹುಡುಗಿ ಮಲಯಾಳದಲ್ಲಿ ಎಣಿಸಿದಳು, ಅಜ್ಜಿ ಕನ್ನಡದಲ್ಲಿ ಎಣಿಸಿದರು. ಪೋಸ್ಟಿಂಗ್ ಅರ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಕನ್ನಡದಲ್ಲೇ ಎಣಿಸುತ್ತಿದ್ದರು. ತಪ್ಪಿದರೆ ಅಜ್ಜಿ ಮುಲಾಜಿಲ್ಲದೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಹೇಳುತ್ತಾಳೆ, ಪದವಿ ಓದುತ್ತಿರುವ ಹುಡುಗಿ ತಿದ್ದಿಕೊಳ್ಳುತ್ತಾಳೆ. ಈ ಪಾಠವನ್ನು ನಾನು ತರಗತಿಯ ಹಲಗೆಯ ಮುಂದೆ ನಿಂತು ಕಲಿಸಲಾರೆ.

ಇದರಲ್ಲಿ ನರ್ಸಿಂಗ್ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಬಂದದ್ದು ಹೀಗೆ. ಕಣ್ಣು ಬೇರೆ ಕಡೆ ತಿರುಗಿದರೆ ಸಾಕು, ಅಜ್ಜಿಯ ಬೆರಳಿನಿಂದ ಸೂಜಿ ಜಾರುತ್ತಿತ್ತು. ಸೂಜಿ ಬೆರಳ ತುದಿಯಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಅವರು ನೋಡಿಯೇ ತಿಳಿಯಬೇಕಾಗಿತ್ತು. ಹುಡುಗಿ ಇದನ್ನು ಗಮನಿಸಿ ನನಗೆ ಹೇಳಿದಳು. ಅಜ್ಜಿಗೆ ಬಹಳ ವರ್ಷಗಳ ಸಕ್ಕರೆ ಕಾಯಿಲೆ. ಸಕ್ಕರೆಯಿಂದ ನರ ದುರ್ಬಲವಾದಾಗ ಸ್ಪರ್ಶ ಸಾಮಾನ್ಯವಾಗಿ ಮೊದಲು ಪಾದದಲ್ಲಿ ಹೋಗುತ್ತದೆ, ಕೈಬೆರಳಿಗೆ ಬರುವುದು ಆಮೇಲೆ. ಬೆರಳಿನಲ್ಲೇ ಹೀಗಿದ್ದರೆ ಪಾದದ ಗತಿ ಏನು ಎಂದು ಕಾಲು ನೋಡಿದೆವು. ಹೆಬ್ಬೆರಳಿನ ಕೆಳಗೆ ಒಂದು ಹುಣ್ಣು. ನೋವೇ ಇಲ್ಲದ ಕಾರಣ ಅಜ್ಜಿಗೂ ಗೊತ್ತಿರಲಿಲ್ಲ. ಫಾರಂನಲ್ಲಿ ‘ಕಾಲು ಜೋಮು ಹಿಡಿಯುತ್ತದೆಯೇ’ ಎಂಬ ಪ್ರಶ್ನೆಯ ಮುಂದೆ ‘ಇಲ್ಲ’ ಎಂದೇ ಬರೆದಿತ್ತು. ಹುಣ್ಣಿಗೆ ಸಕಾಲದಲ್ಲಿ ಡ್ರೆಸಿಂಗ್ ಆಯಿತು, ಬೆರಳು ಉಳಿಯಿತು.

ನೈಟಿಂಗೇಲ್ ಬರೆದದ್ದು

ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಇಂಥ ಕೆಲಸದ ಬೆಲೆಯನ್ನು 1859ರಲ್ಲೇ ಹೇಳಿದ್ದಾರೆ. ಅವೇ ಗೋಡೆ, ಅದೇ ಸೂರು ನೋಡುತ್ತ ಮಲಗಿದ ರೋಗಿಗೆ ಬಣ್ಣ, ಆಕಾರ, ಬದಲಾವಣೆ ಬೇಕು, ಅದು ಮನಸ್ಸಿಗಷ್ಟೇ ಅಲ್ಲ ದೇಹಕ್ಕೂ ಮುಟ್ಟುತ್ತದೆ ಎಂಬುದು ಅವರ ಅನುಭವ. ಆಗುವಂತಿದ್ದರೆ ಸ್ವಲ್ಪ ಹೊಲಿಗೆ, ಸ್ವಲ್ಪ ಬರವಣಿಗೆ ರೋಗಿಗೆ ದೊಡ್ಡ ನೆಮ್ಮದಿ ಎಂದೂ ಬರೆದಿದ್ದಾರೆ. ಮೇ 12ರಂದು ಅವರ ಜನ್ಮದಿನವನ್ನು ದಾದಿಯರ ದಿನವೆಂದು ಆಚರಿಸುತ್ತೇವೆ, ದೀಪ ಹಿಡಿದು ಪ್ರತಿಜ್ಞೆ ಮಾಡುತ್ತೇವೆ. ಹೊಲಿಗೆಯ ಈ ಮಾತನ್ನು ಮಾತ್ರ ಪಠ್ಯದ ಅಂಚಿಗೆ ತಳ್ಳಿದ್ದೇವೆ.

ಮಣ್ಣೆತ್ತಿನ ಇಣಿ

ರಂಗೋಲಿ, ಹೊಲಿಗೆ ಎಂದರೆ ಗಂಡಸರು ಎದ್ದು ಹೋಗುತ್ತಾರೆ. ಅವರಿಗೆ ನಾನು ಇಡುವುದು ಮಣ್ಣು. ಉತ್ತರ ಕರ್ನಾಟಕದಲ್ಲಿ ಮುಂಗಾರಿನ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮನೆಮನೆಯಲ್ಲಿ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಒಕ್ಕಲುತನ ಮಾಡಿದ ಯಾವ ಅಜ್ಜನಿಗೂ ಎತ್ತು ಮಾಡುವುದನ್ನು ಕಲಿಸಬೇಕಾಗಿಲ್ಲ.

ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಒಬ್ಬ ರೈತ ಅಜ್ಜ ಇದ್ದರು. ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ಅವರು ದಿಂಬಿನ ಕೆಳಗೆ ಇಟ್ಟುಬಿಟ್ಟಿದ್ದರು. “ಹುಡುಗರ ಆಟದ್ದು ನನಗ್ಯಾಕ” ಎನ್ನುತ್ತಿದ್ದರು. ಕರಿಮಣ್ಣಿನ ಉಂಡೆ ಎದುರಿಗೆ ಬಂದಾಗ ಎಡಗೈಯಿಂದ ಶುರು ಮಾಡಿದರು. ಎತ್ತಿನ ಕಾಲು ನಿಲ್ಲಿಸಲು ಇನ್ನೊಂದು ಕೈ ಬೇಕೇ ಬೇಕು; ಬಲಗೈ ತಾನಾಗಿಯೇ ಮಣ್ಣಿಗೆ ಬಂತು. ಬೆರಳು ಮಡಚಲಿಲ್ಲ, ಆದರೆ ಅಂಗೈಯಿಂದ ಒತ್ತಿ ಹಿಡಿದರು. ಪಕ್ಕದಲ್ಲಿ ಕುಳಿತ ವಿದ್ಯಾರ್ಥಿನಿ ತಾನೂ ಒಂದು ಎತ್ತು ಮಾಡಿದಳು. ಅಜ್ಜ ಅದನ್ನು ತಿರುಗಿಸಿ, ಹೆಗಲ ಮೇಲಿನ ಡುಬ್ಬ ನೋಡಿ, “ಇಣಿ ಇಷ್ಟ ಸಣ್ಣದಾದ್ರ ಇದು ಎತ್ತಲ್ಲ ತಂಗಿ, ಕರ” ಎಂದರು. ಆಮೇಲೆ ಬಾಯಿ ಬಿಟ್ಟರು. ಯಾವ ಸಂತೆಯಲ್ಲಿ ಕೊಂಡ ಎತ್ತು, ಯಾವ ಬರಗಾಲದಲ್ಲಿ ಮಾರಿದ್ದು, ಮಾರಿದ ರಾತ್ರಿ ಮನೆಯಲ್ಲಿ ಯಾರೂ ಉಣ್ಣದೇ ಇದ್ದದ್ದು ಎಲ್ಲ ಹೇಳಿದರು. ನಾಲಿಗೆ ಇನ್ನೂ ತೊದಲುತ್ತಿತ್ತು. ಲಕ್ವಾ ಹೊಡೆದವರ ಮಾತು ಮರಳಬೇಕಾದರೆ ಮಾತಾಡಬೇಕು ಎನ್ನುತ್ತೇವೆ. ಮಾತಾಡಲು ಮೊದಲು ಒಂದು ವಿಷಯ ಬೇಕಲ್ಲ? ಆ ದಿನ ಹುಡುಗಿಯ ಟಿಪ್ಪಣಿಯಲ್ಲಿ ಬಲಗೈಯ ಚಲನೆ, ಮಾತಿನ ಸ್ಪಷ್ಟತೆ, ಕೂತ ಭಂಗಿ, ಮನಸ್ಸಿನ ಸ್ಥಿತಿ ಎಲ್ಲವೂ ಇತ್ತು. ಅವಳು ಒಂದು ಪ್ರಶ್ನೆಯನ್ನೂ ಓದಿ ಕೇಳಿರಲಿಲ್ಲ.

ಮರೆವು ಬಂದವರ ಜೊತೆ

ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವವರ ಹತ್ತಿರ ಹೋಗಲು ವಿದ್ಯಾರ್ಥಿಗಳು ಹೆದರುತ್ತಾರೆ. ಏನು ಮಾತಾಡಬೇಕು, ಅದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಏನು ಹೇಳಬೇಕು ಎಂಬ ಭಯ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಇವರಿಂದ ದೂರ ಉಳಿದು ಯಾವ ನರ್ಸೂ ಕೆಲಸ ಮಾಡಲಾಗದು.

ಇಲ್ಲಿ ತಿಳಿದಿರಬೇಕಾದ ಒಂದು ಸಂಗತಿ ಇದೆ. ಆಲ್‌ಜೈಮರ್ ಕಾಯಿಲೆಯಲ್ಲಿ ಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಒಂದು ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್. ಹೀಗಾಗಿ ಬೆಳಿಗ್ಗೆ ತಿಂದ ತಿಂಡಿ ಮರೆತುಹೋಗುತ್ತದೆ. ಆದರೆ ವರ್ಷಗಟ್ಟಲೆ ಮಾಡಿ ಕೈಗೆ ಹತ್ತಿದ ಕೆಲಸದ ನೆನಪು ಮೆದುಳಿನ ಬೇರೆ ಭಾಗಗಳಲ್ಲಿ ಇರುತ್ತದೆ, ಅದು ಹೆಚ್ಚು ಕಾಲ ಬಾಳುತ್ತದೆ. ಮಗನ ಹೆಸರು ತಡವರಿಸುವ ಅಜ್ಜಿಯ ಮುಂದೆ ಮೇಜಿನ ಮೇಲೆ ಕಪ್ಪು ರಟ್ಟು, ಒಂದು ಬಟ್ಟಲು ರಂಗೋಲಿ ಪುಡಿ ಇಡಿ. ಹೆಬ್ಬೆರಳು ತೋರುಬೆರಳ ನಡುವೆ ಪುಡಿ ಹಿಡಿದು ಏಳರಿಂದ ಒಂದಕ್ಕೆ ಇಳಿಯುವ ಚುಕ್ಕಿಯನ್ನು ಸಮ ಅಂತರದಲ್ಲಿ ಇಡುತ್ತಾರೆ. “ಊಟ ಆತೇನವಾ” ಎಂದು ನಡುನಡುವೆ ಕೇಳುತ್ತಲೇ ಇರುತ್ತಾರೆ. ವಿದ್ಯಾರ್ಥಿನಿ ಪ್ರತಿಸಲವೂ “ಆತ್ರಿ ಅಜ್ಜಿ, ನಿಮ್ದು?” ಎನ್ನುತ್ತ ಚುಕ್ಕಿ ಇಡುತ್ತಾಳೆ. ಆ ಪ್ರಶ್ನೆ ಅವಳಿಗೆ ಈಗ ಹೆದರಿಕೆಯದಲ್ಲ.

ಅಮೆರಿಕದ ಒಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದ ವೃದ್ಧಾಪ್ಯ ಅಧ್ಯಯನ ಕೇಂದ್ರದಲ್ಲಿ ಎಲಿಜಬೆತ್ ಲೋಕೊನ್ 2007ರಲ್ಲಿ ‘ಓಪನಿಂಗ್ ಮೈಂಡ್ಸ್ ಥ್ರೂ ಆರ್ಟ್’ ಎಂಬ ಕಾರ್ಯಕ್ರಮ ಶುರು ಮಾಡಿದರು. ಮರೆವಿರುವ ಒಬ್ಬ ಹಿರಿಯರಿಗೆ ತರಬೇತಿ ಪಡೆದ ಒಬ್ಬ ವಿದ್ಯಾರ್ಥಿ ಜೊತೆಗಾರ. ಇಬ್ಬರೂ ವಾರವಾರ ಕೂತು ಬಣ್ಣದ ಕೆಲಸ ಮಾಡುತ್ತಾರೆ. ಹೂವು, ಮನೆ, ಮರ ಎಂದು ಯಾವುದನ್ನೂ ನೋಡಿ ಬರೆಯುವುದಿಲ್ಲ. ಬಣ್ಣ ಹರಿಸುವುದು, ಕಾಗದ ಅಂಟಿಸುವುದು, ಅಚ್ಚು ಒತ್ತುವುದು ಇಂಥವೇ ಹೆಚ್ಚು. ಮರ ಬರೆಯಹೊರಟರೆ ಅದು ಮರದಂತೆ ಬರಲಿಲ್ಲ ಎಂಬ ಸೋಲು ಕಾದಿರುತ್ತದೆ. ಬಣ್ಣ ಹರಿಸಿದರೆ ಅದು ಹೇಗೆ ಹರಿದರೂ ಸರಿ. ವಿದ್ಯಾರ್ಥಿ ಅವರ ಬದಲು ತಾನು ಕುಂಚ ಎಳೆಯುವಂತಿಲ್ಲ. ಕೆಂಪೋ ನೀಲಿಯೋ, ಇಲ್ಲಿಯೋ ಅಲ್ಲಿಯೋ ಎಂದು ಕೇಳಿ ತೀರ್ಮಾನವನ್ನು ಅವರಿಗೇ ಬಿಡಬೇಕು. ಕೊನೆಗೆ ಚಿತ್ರಗಳನ್ನು ಚೌಕಟ್ಟು ಹಾಕಿ ಪ್ರದರ್ಶನಕ್ಕೆ ಇಡುತ್ತಾರೆ. ಇದರಲ್ಲಿ ಭಾಗವಹಿಸಿದ ವಿದ್ಯಾರ್ಥಿಗಳಿಗೆ ಮರೆವಿನ ಕಾಯಿಲೆಯವರ ಬಗೆಗಿದ್ದ ಭಾವನೆ ಒಳ್ಳೆಯ ಕಡೆಗೆ ಬದಲಾದದ್ದನ್ನು ಲೋಕೊನ್ ಅವರ ಅಧ್ಯಯನಗಳು ದಾಖಲಿಸಿವೆ.

ಇನ್ನೊಂದು ದಾರಿ ಕತೆ ಕಟ್ಟುವುದು. ರಂಗಭೂಮಿಯ ಹಿನ್ನೆಲೆಯ ಆನ್ ಬಾಸ್ಟಿಂಗ್ 1990ರ ದಶಕದ ಕೊನೆಗೆ ‘ಟೈಮ್‌ಸ್ಲಿಪ್ಸ್’ ಎಂಬ ಪದ್ಧತಿ ರೂಪಿಸಿದರು. ಅವರಿಗೆ 2016ರಲ್ಲಿ ಮೆಕಾರ್ಥರ್ ಫೆಲೋಶಿಪ್ ಬಂತು. ಕ್ರಮ ಬಹಳ ಸರಳ. ಒಂದು ಚಿತ್ರ ತೋರಿಸಬೇಕು, ‘ಇಲ್ಲಿ ಏನು ನಡೀತಿದೆ’ ಎಂದು ಕೇಳಬೇಕು, ಬಂದ ಪ್ರತಿ ಉತ್ತರವನ್ನೂ ಬರೆದುಕೊಂಡು ಮತ್ತೆ ಓದಿ ಹೇಳಬೇಕು. ‘ನೆನಪಿದೆಯಾ’ ಎಂಬ ಪ್ರಶ್ನೆಯನ್ನು ಕೇಳಲೇಬಾರದು. ನಾವು ಬಸ್ ಸ್ಟ್ಯಾಂಡಿನಲ್ಲಿ ಮೇಕೆ ಹಿಡಿದು ನಿಂತ ಹುಡುಗನ ಚಿತ್ರ ಇಟ್ಟಿದ್ದೆವು. ‘ಮ್ಯಾಕಿ ಸಂತಿಗೆ ಹೊಂಟೈತಿ’ ಎಂದರು ಒಬ್ಬರು. ‘ಹುಡುಗ ಅಳಾಕತ್ತಾನ, ಮ್ಯಾಕಿ ಮಾರಬ್ಯಾಡ ಅಂತ’ ಎಂದರು ಇನ್ನೊಬ್ಬರು. ಬಹಳ ದಿನದಿಂದ ಮಾತೇ ಆಡದಿದ್ದ ಒಬ್ಬ ಅಮ್ಮ ‘ಮಳಿ’ ಎಂದಷ್ಟೇ ಅಂದರು. ವಿದ್ಯಾರ್ಥಿ ಅದನ್ನೂ ಬರೆದು, “ಮಳೆ ಬಂತು, ಹುಡುಗ ಅಳ್ತಾ ನಿಂತಿದ್ದಾನೆ” ಎಂದು ದೊಡ್ಡ ದನಿಯಲ್ಲಿ ಓದಿದ. ಆ ಅಮ್ಮ ತಲೆಯಾಡಿಸಿ ಮತ್ತೊಮ್ಮೆ ‘ಮಳಿ’ ಎಂದರು. ಕತೆಯಲ್ಲಿ ಅವರದ್ದೂ ಪಾಲು ಇತ್ತು.

ಆಧಾರ ಇದೆ

ಇದು ಮನರಂಜನೆ, ಹೊತ್ತು ಕಳೆಯುವ ಉಪಾಯ ಎನ್ನುವವರಿಗೆ ಕೆಲವು ಸಂಗತಿ ಹೇಳಬೇಕು. ಅಮೆರಿಕದ ಮನೋವೈದ್ಯ ಜೀನ್ ಕೋಹೆನ್ 2001ರಲ್ಲಿ ಮೂರು ನಗರಗಳಲ್ಲಿ 65 ದಾಟಿದ ಸುಮಾರು 300 ಜನರ ಅಧ್ಯಯನ ಆರಂಭಿಸಿದರು. ಪರಿಣತ ಕಲಾವಿದರ ಜೊತೆ ನಿಯಮಿತವಾಗಿ ಹಾಡು, ಚಿತ್ರ, ಬರವಣಿಗೆಯಲ್ಲಿ ತೊಡಗಿದವರಲ್ಲಿ ಉಳಿದವರಿಗಿಂತ ವೈದ್ಯರ ಭೇಟಿ, ಔಷಧಿಯ ಬಳಕೆ, ಬೀಳುವುದು ಕಡಿಮೆಯಿತ್ತು, ಉಲ್ಲಾಸ ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ರೋಗ ತಡೆಯುವುದರಲ್ಲೂ ನಿಭಾಯಿಸುವುದರಲ್ಲೂ ಕಲೆಗೆ ಪಾತ್ರವಿದೆ ಎಂದಿತು. ಅದೇ ಸಂಸ್ಥೆಯ 2021ರ ಇನ್ನೊಂದು ವರದಿ ವಯೋತಾರತಮ್ಯದ ಬಗ್ಗೆ. ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರು ಮುದುಕರನ್ನು ಕೀಳಾಗಿ ಕಾಣುತ್ತಾರೆ ಎಂದು ಅದು ಅಂದಾಜು ಮಾಡಿತು. ಅದಕ್ಕೆ ಸೂಚಿಸಿದ ಮೂರು ಪರಿಹಾರ: ಕಾನೂನು, ಶಿಕ್ಷಣ, ಮತ್ತು ಎಳೆಯರು-ಹಿರಿಯರನ್ನು ಒಟ್ಟಿಗೆ ಬೆರೆಸುವುದು. ನರ್ಸಿಂಗ್ ವಿದ್ಯಾರ್ಥಿಗಳು ವೃದ್ಧಾಶ್ರಮದಲ್ಲಿ ಅಜ್ಜ-ಅಜ್ಜಿಯರ ಜೊತೆ ಕೂತು ಮಾಡುವ ಕೆಲಸ ಈ ಮೂರನೆಯದು.

ಮಾಡುವವರಿಗೆ ನಾಲ್ಕು ಮಾತು

ಮೊದಲನೆಯದು, ಜೋಡಿ ಬದಲಿಸಬೇಡಿ. ಒಬ್ಬ ವಿದ್ಯಾರ್ಥಿಗೆ ಒಬ್ಬ ಹಿರಿಯರು, ಪೋಸ್ಟಿಂಗ್ ಮುಗಿಯುವವರೆಗೆ ಅದೇ ಜೋಡಿ. ಮುಖ ಬದಲಾದರೆ ಮತ್ತೆ ಮೊದಲಿನಿಂದ ಶುರು.

ಎರಡನೆಯದು, ಕೆಲಸವನ್ನು ಮನುಷ್ಯರಿಗೆ ತಕ್ಕಂತೆ ಆರಿಸಿ. ಕಸುಬು ಗೊತ್ತಿದ್ದವರಿಗೆ ಆ ಕಸುಬನ್ನೇ ಕೊಟ್ಟು ಅವರನ್ನು ಗುರು ಮಾಡಿ. ಹಳೆ ಸೀರೆ ಕೂಡಿಸಿ ಕೌದಿ ಹೊಲಿಯಲು ಬಲ್ಲವರು ಉತ್ತರ ಕರ್ನಾಟಕದ ಪ್ರತಿ ಆಶ್ರಮದಲ್ಲೂ ಸಿಗುತ್ತಾರೆ. ಸಾಗರ, ಸೊರಬದ ಕಡೆ ದೀವರ ಮನೆಯ ಹಿರಿಯ ಹೆಂಗಸರಿಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುವುದು ಗೊತ್ತು. ಪೆನ್ಸಿಲ್ ಹಿಡಿದೇ ಇಲ್ಲದವರಿಗೆ ಪೆನ್ಸಿಲ್ ಕೊಟ್ಟು ನಾಚಿಸಬೇಡಿ. ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಲಿ, ಹೂವೇ ಮೂಡುತ್ತದೆ. ಮಕ್ಕಳ ಬಣ್ಣದ ಪುಸ್ತಕವನ್ನಂತೂ ಮುಂದಿಡಲೇಬೇಡಿ. ಮನೆ ನಡೆಸಿದವರಿಗೆ, ಹೊಲ ಉತ್ತವರಿಗೆ ಅದು ಅವಮಾನ.

ಮೂರನೆಯದು, ಒಲ್ಲೆ ಎಂದವರನ್ನು ಒತ್ತಾಯ ಮಾಡಬೇಡಿ. ಗಂಡ ಸತ್ತ ಮೇಲೆ ರಂಗೋಲಿ ಮುಟ್ಟಬಾರದೆಂದು ಬೆಳೆದ ಹೆಂಗಸರು ಇನ್ನೂ ಇದ್ದಾರೆ. ಒಬ್ಬ ಅಮ್ಮ ಹಾಗೆಯೇ ದೂರ ಕುಳಿತು ನೋಡುತ್ತಿದ್ದರು. ಹುಡುಗಿಯ ಚುಕ್ಕಿ ಸಾಲು ತಪ್ಪಿದಾಗ ತಡೆಯಲಾರದೆ ತಾವೇ ಎದ್ದು ಬಂದು ಸರಿ ಮಾಡಿದರು. ಆ ಅಮ್ಮ ಬರಲು ತಮ್ಮಷ್ಟಕ್ಕೆ ತಾವು ತೀರ್ಮಾನಿಸಿದರು ಎಂಬುದೇ ಮುಖ್ಯ. ಫೋಟೊ ತೆಗೆದು ವಾಟ್ಸಾಪಿಗೆ ಹಾಕುವ ಮೊದಲೂ ಅವರನ್ನು ಕೇಳಬೇಕು. ಬೇಡ ಎಂದರೆ ಬೇಡ.

ನಾಲ್ಕನೆಯದು ಬೀಳ್ಕೊಡುಗೆ. ಪೋಸ್ಟಿಂಗ್ ಮುಗಿದ ಮೇಲೆ ವಿದ್ಯಾರ್ಥಿ ಏಕಾಏಕಿ ಕಾಣೆಯಾದರೆ ಹಿರಿಯರಿಗೆ ಅದು ಮತ್ತೊಂದು ಬಿಟ್ಟುಹೋಗುವಿಕೆ. ಕೊನೆಯ ದಿನ ಯಾವುದೆಂದು ಮೊದಲೇ ಹೇಳಿ. ಅಂದು ಎಲ್ಲರ ಕೆಲಸವನ್ನೂ ಊಟದ ಹಾಲಿನಲ್ಲಿ ತೂಗು ಹಾಕಿ, ಅವರು ಒಪ್ಪಿದರೆ ಮಾಡಿದವರ ಹೆಸರು ಬರೆದು, ಮನೆಯವರನ್ನೂ ಕರೆಯಿರಿ. ವರ್ಷಗಟ್ಟಲೆ ಮುಖ ತೋರಿಸದ ಮಗ ತಾಯಿಯ ಕಸೂತಿ ನೋಡಲು ಬಂದದ್ದನ್ನು ನಾನು ಕಂಡಿದ್ದೇನೆ.

ಖರ್ಚು ದೊಡ್ಡದಲ್ಲ. ಮ್ಯಾಟಿ ಬಟ್ಟೆ, ದಾರ, ಮೊಂಡು ತುದಿಯ ಸೂಜಿ, ಮಣ್ಣು, ರಟ್ಟು, ನೀರುಬಣ್ಣ ಸಾಕು. ಬೆಳಕಿರುವ ಜಾಗ, ಬೆಳಗಿನ ಹೊತ್ತು, ಒಂದು ತಾಸಿಗಿಂತ ಹೆಚ್ಚಲ್ಲದ ಅವಧಿ. ಕಿವಿಯ ಯಂತ್ರ, ಕನ್ನಡಕ ಹಾಕಿಕೊಂಡಿದ್ದಾರೆಯೇ ಎಂದು ಮೊದಲು ನೋಡಬೇಕು. ದಿನದ ಕೊನೆಗೆ ವಿದ್ಯಾರ್ಥಿ ಮೂರು ಸಂಗತಿ ಬರೆಯಬೇಕು: ನಾನು ಇವರಿಂದ ಏನು ಕಲಿತೆ, ಇವರ ದೇಹದ ಬಗ್ಗೆ ಏನು ಕಂಡೆ, ನಾಳೆ ಏನು ಮಾಡಬೇಕು.

2011ರ ಜನಗಣತಿಯ ಹೊತ್ತಿಗೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ. 2036ಕ್ಕೆ ಇವರು 22 ಕೋಟಿ ದಾಟುತ್ತಾರೆ, ಏಳು ಜನರಲ್ಲಿ ಒಬ್ಬರಾದರೂ ಹಿರಿಯ ನಾಗರಿಕರಾಗುತ್ತಾರೆ ಎಂಬುದು ಸರ್ಕಾರದ ಅಂದಾಜು. ಇಂದು ಮೊದಲ ವರ್ಷದಲ್ಲಿ ಕೂತಿರುವ ಹುಡುಗಿ ತನ್ನ ವೃತ್ತಿಯ ಬಹುಪಾಲು ಕಳೆಯುವುದು ಇವರ ನಡುವೆಯೇ. ಹೀಗಿರುವಾಗ ನರ್ಸಿಂಗ್ ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನದೊಂದು ಬಿನ್ನಹ. ವೃದ್ಧರ ಆರೈಕೆಯ ಪೋಸ್ಟಿಂಗ್‌ನಲ್ಲಿ ವಾರಕ್ಕೆ ಒಂದು ತಾಸನ್ನು ಕಲೆಗೆಂದು ವೇಳಾಪಟ್ಟಿಯಲ್ಲೇ ಬರೆಯಿರಿ, ಅದಕ್ಕೆ ಅಂಕವನ್ನೂ ಕೊಡಿ. ಅಂಕವಿಲ್ಲದ ಕೆಲಸವನ್ನು ನಮ್ಮ ಮಕ್ಕಳು ಕೆಲಸವೆಂದು ಎಣಿಸುವುದಿಲ್ಲ. ಆಶ್ರಮ ನಡೆಸುವವರು ಬಾಳೆಹಣ್ಣು-ಬ್ರೆಡ್ ಹಂಚಿ ಫೋಟೊ ತೆಗೆಸಿಕೊಂಡು ಹೋಗುವ ತಂಡಗಳಿಗಿಂತ ಕೂತು ಕಲಿಯಲು ಬರುವ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಲಿ. ಓದುಗರಾದ ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಇವತ್ತು ಅವರನ್ನು ‘ಮಾತ್ರೆ ತಗೊಂಡ್ರಾ’ ಎಂದು ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ: ‘ನಿಮಗೆ ಬರೋ ಕೆಲಸ ಒಂದನ್ನ ನನಗೂ ಕಲಿಸ್ತೀರಾ?’